ಒಂದು ತೊಲ ಲೋಹ: ಮೊದಲ ಎಲ್ಕ್ ಬೇಟೆಗೆ ತೋಟಾ ಆರಿಸುವ ಬಗೆ

(ಕೊಲೊರಾಡೊದಲ್ಲಿ ನೆಲೆಸಿರುವ ಕನ್ನಡಿಗರ ಸಣ್ಣದೊಂದು ಕೂಟದಲ್ಲಿ, ಮೊದಲ ಬಾರಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಟಿದ್ದವರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಈ ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟಿದ್ದೇನೆ. ಒಂದು ಬೆರಳುದ್ದದ ಇಡೀ ತೋಟಾ. ಇನ್ನೊಂದು ಅದರ ತುದಿಯಲ್ಲಿ ಕೂರುವ ಗುಂಡು ಮಾತ್ರ. ಊರಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎಂದು ಬೇರೆ ಮಾಡಿ ಮಾತಾಡುವುದನ್ನು ಕೇಳಿ ಬೆಳೆದವರಿಗೆ ಇವೆರಡರ ವ್ಯತ್ಯಾಸ ವಿವರಿಸಬೇಕಿಲ್ಲವಾದರೂ, ಇಲ್ಲಿನ ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ನಾವೆಲ್ಲರೂ ಎರಡನ್ನೂ ಬುಲೆಟ್ ಎಂದೇ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ. ತೋಟಾದಲ್ಲಿ ಇರುವುದು ನಾಲ್ಕೇ ಅಂಗ: ಹಿತ್ತಾಳೆಯ ಕವಚ, ತಳದಲ್ಲಿದ್ದು ಕಿಡಿ ಕೊಡುವ ಕೇಪು, ಒಳಗಿನ ಮದ್ದು, ತುದಿಯ ಗುಂಡು. ಕವಚವೂ ಕೇಪೂ ಕೋವಿಯಲ್ಲೇ ಉಳಿಯುತ್ತವೆ, ಮದ್ದು ಉರಿದುಹೋಗುತ್ತದೆ, ಪ್ರಾಣಿಯನ್ನು ಮುಟ್ಟುವುದು ಗುಂಡು ಒಂದೇ. ಹೀಗಿದ್ದರೂ ಮೊದಲ ಬೇಟೆಗೆ ಹೊರಟವರು ನನ್ನಲ್ಲಿ ಕೇಳುವುದೆಲ್ಲ ಕವಚದ ಬಗೆಗೇ: ಯಾವ ಕ್ಯಾಲಿಬರ್ (ಅಂದರೆ ಗುಂಡಿನ ದಪ್ಪ), ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್ ಬೇಕೇ ಬೇಡವೇ, ನೆರೆಮನೆಯವರು ಹೇಳಿದ್ದು ಸರಿಯೇ. ಗುಂಡನ್ನು ಮೊದಲು ಆರಿಸಿ, ಕವಚದ ವಿಚಾರವನ್ನು ಅನಂತರ ನೋಡಿ ಎಂಬುದೇ ಇವತ್ತಿನ ನನ್ನ ವಾದ.

ಅದಕ್ಕೂ ಮುನ್ನ ಕಾನೂನಿನ ಒಂದು ಮಾತನ್ನು ಆಡಿ ಮುಗಿಸುತ್ತೇನೆ, ಏಕೆಂದರೆ ಈ ಕೋಣೆಯಲ್ಲಿ ಎಚ್-1ಬಿ ವೀಸಾದ ಮೇಲೆ ಇರುವವರು ಕೆಲವರಿದ್ದೀರಿ. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಆದರೆ ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಪರವಾನಗಿ ಕೈಯಲ್ಲಿದ್ದರೆ ಆ ನಿಷೇಧಕ್ಕೆ ವಿನಾಯಿತಿ ಉಂಟು. ಆದ್ದರಿಂದ ಕ್ರಮ ಹಿಂದುಮುಂದಾಗಬಾರದು. ಬೇಟೆಗಾರರ ಸುರಕ್ಷತಾ ತರಗತಿಯನ್ನು ಮೊದಲು ಮುಗಿಸಿ, 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಕೊಲೊರಾಡೊದಲ್ಲಿ ಅದು ಕಡ್ಡಾಯ, ಆಮೇಲೆ ಪರವಾನಗಿ, ಅದಾದ ಮೇಲೆಯೇ ತೋಟಾದ ಪೆಟ್ಟಿಗೆ. ಪರವಾನಗಿಯ ಅವಧಿ ಮುಗಿದ ಮೇಲೆ ಕಪಾಟಿನಲ್ಲಿ ಉಳಿದ ಅರ್ಧ ಪೆಟ್ಟಿಗೆಯೂ ಪ್ರಶ್ನೆಯಾಗಬಲ್ಲದು ಎಂಬುದನ್ನು ಮರೆಯಬೇಡಿ. ಸಂದೇಹವಿದ್ದರೆ ವಕೀಲರನ್ನು ಕೇಳಿ, ನನ್ನನ್ನಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ.

ತೋಟಾದ ವಿಷಯದಲ್ಲಿ ಕೊಲೊರಾಡೊ ರಾಜ್ಯ ಹಾಕಿರುವ ಕನಿಷ್ಠ ಮಿತಿಯೂ ಸ್ಪಷ್ಟವಾಗಿದೆ. ಎಲ್ಕ್‌ಗೆ ಬಳಸುವ ರೈಫಲ್ಲಿನ ಕ್ಯಾಲಿಬರ್ .24ಕ್ಕಿಂತ, ಅಂದರೆ 6 ಮಿ.ಮೀ.ಗಿಂತ ಕಿರಿದಾಗಿರಬಾರದು, ಗುಂಡು 85 ಗ್ರೇನಿಗಿಂತ, ಅಂದರೆ ಸುಮಾರು ಐದೂವರೆ ಗ್ರಾಮಿಗಿಂತ ಹಗುರವಾಗಿರಬಾರದು, ಅದು ಒಳಹೊಕ್ಕ ಮೇಲೆ ಅರಳುವಂಥದ್ದಾಗಿರಬೇಕು, 100 ಗಜ ದೂರದಲ್ಲಿ ಅದರ ಹೊಡೆತದ ಶಕ್ತಿ, ತಯಾರಕರ ಲೆಕ್ಕದಂತೆ, ಕನಿಷ್ಠ 1,000 ಅಡಿ-ಪೌಂಡ್ ಇರಬೇಕು. ಈ ಮಿತಿಯನ್ನು .243 ವಿಂಚೆಸ್ಟರ್ ಎಂಬ ಸಣ್ಣ ತೋಟಾದ 100 ಗ್ರೇನ್ ಗುಂಡು ಸುಲಭವಾಗಿ ದಾಟುತ್ತದೆ. ನುರಿತ ಬೇಟೆಗಾರರು ಅದರಲ್ಲೇ ಎಲ್ಕ್ ಉರುಳಿಸಿದ್ದಾರೆ. ಆದರೂ ಮೊದಲ ಸಲ ಹೋಗುವವರಿಗೆ ಅದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎನ್ನುವುದಕ್ಕೆ ಪ್ರಾಣಿಯನ್ನೇ ನೋಡಬೇಕು.

ಎಲ್ಕ್ ಎಂಬ ಹೆಸರೇ ಸ್ವಲ್ಪ ಗಲಿಬಿಲಿಯದು. ಯುರೋಪಿನವರು ಎಲ್ಕ್ ಎಂದರೆ ಅದು ಇಲ್ಲಿನ ಮೂಸ್, ಇನ್ನೂ ದೊಡ್ಡದೊಂದು ಜಿಂಕೆ. ಸಿಲೋನಿನಲ್ಲಿದ್ದ ಬ್ರಿಟಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಬರೆದಿಟ್ಟರು. ನಾವು ಮಾತಾಡುತ್ತಿರುವ ಪ್ರಾಣಿಗೆ ಶಾವ್ನಿ ಜನರ ಮಾತಿನಲ್ಲಿ ಇರುವ ಹೆಸರು ವಾಪಿಟಿ, ಬಿಳಿಯ ಪೃಷ್ಠದ್ದು ಎಂದರ್ಥ. ನಾಗರಹೊಳೆಯ ರಸ್ತೆಯಂಚಿನಲ್ಲಿ ನಿಂತ ದೊಡ್ಡ ಗಂಡು ಕಡವೆಯನ್ನು ಕಂಡವರು ಅದನ್ನೇ ನೆನಪಿಗೆ ತಂದುಕೊಳ್ಳಿ, ಇದು ಅದರ ಬಂಧುವೇ, ಆದರೆ ಇನ್ನೂ ಭಾರ. ರಾಕಿ ಪರ್ವತದ ಗಂಡು ಎಲ್ಕ್ ಸುಮಾರು 300 ಕಿಲೊ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೊ. ಗಂಡಿನ ಹೆಗಲು ನೆಲದಿಂದ ಐದಡಿ ಎತ್ತರದಲ್ಲಿರುತ್ತದೆ. ದಪ್ಪ ಚರ್ಮ, ಅದರ ಮೇಲೆ ಕೆಸರಿನಲ್ಲಿ ಹೊರಳಿ ಹತ್ತಿದ ಮಣ್ಣು, ಒಳಗೆ ಹೆಗಲಿನ ಅಗಲ ಮೂಳೆ, ಗಟ್ಟಿ ಮಾಂಸ, ಇಷ್ಟನ್ನೂ ದಾಟಿದ ಮೇಲೆ ಶ್ವಾಸಕೋಶ. ಪ್ರಾಣಿ ಪೂರ್ಣ ಅಡ್ಡಲಾಗಿ ನಿಂತಿದ್ದರೆ ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಗುರಿಯಿಟ್ಟರೆ ಮೂಳೆ ತಪ್ಪುತ್ತದೆ. ಓರೆಯಾಗಿ ನಿಂತಿದ್ದರೆ ಅದೇ ಶ್ವಾಸಕೋಶವನ್ನು ಮುಟ್ಟಲು ಗುಂಡು ಎರಡರಷ್ಟು ದಾರಿ ಕೊರೆಯಬೇಕಾಗುತ್ತದೆ. ಮೊದಲ ಬೇಟೆಯಲ್ಲಿ ಪ್ರಾಣಿ ಚಿತ್ರಪಟದಲ್ಲಿರುವಂತೆ ಅಡ್ಡಲಾಗಿ ನಿಂತು ಕೊಡುತ್ತದೆ ಎಂದು ಯಾರೂ ಎಣಿಸಬಾರದು. ಅಲ್ಲದೆ ಶ್ವಾಸಕೋಶಕ್ಕೇ ಸರಿಯಾದ ಈಡು ಬಿದ್ದ ಎಲ್ಕ್ ಕೂಡ ಏನೂ ಆಗದಂತೆ ನಿಂತಿರಬಹುದು, ಅಥವಾ ನಾಲ್ಕು ಹೆಜ್ಜೆ ನಡೆದು ಮರಗಳ ಮರೆಗೆ ಹೋಗಬಹುದು. ಆದ್ದರಿಂದ ನೆಲಕ್ಕೆ ಬೀಳುವ ತನಕ ಕೋವಿಯನ್ನು ಇಳಿಸಬೇಡಿ.

ಈಗ ಗುಂಡಿನ ತೂಕಕ್ಕೆ ಬರೋಣ. ಇಲ್ಲಿ ಅದನ್ನು ಗ್ರೇನಿನಲ್ಲಿ ಹೇಳುತ್ತಾರೆ, ಒಂದು ಕಾಳಿನ ತೂಕ, ನಮ್ಮ ಗುಲಗಂಜಿಯ ಹಾಗೆ. ಆ ಅಂಕಿ ನಮ್ಮವರ ಮನಸ್ಸಿಗೆ ಹತ್ತುವುದಿಲ್ಲ. ಆದರೆ ನಮ್ಮ ಅಕ್ಕಸಾಲಿಗರ ತೊಲವನ್ನು ಬ್ರಿಟಿಷರ ಕಾಲದಲ್ಲಿ 180 ಗ್ರೇನ್ ಎಂದೇ ನಿಗದಿ ಮಾಡಿದ್ದರು, ಗ್ರಾಮಿನಲ್ಲಿ 11.66. ಎಲ್ಕ್ ಬೇಟೆಯಲ್ಲಿ ಅತ್ಯಂತ ಬಳಕೆಯಲ್ಲಿರುವ .30 ಕ್ಯಾಲಿಬರಿನ ಗುಂಡು ಎಷ್ಟು ತೂಗುತ್ತದೆ ಗೊತ್ತೇ? ಸರಿಯಾಗಿ 180 ಗ್ರೇನ್. ಅಂದರೆ ನಿಮ್ಮ ಅಜ್ಜಿಯ ಒಂದು ತೊಲದ ಉಂಗುರದಷ್ಟು ಲೋಹ, ಮುಕ್ಕಾಲು ಕ್ವಿಂಟಾಲ್ ತೂಕದ ನಿಮ್ಮ ಹೆಗಲಿನಿಂದ ಹೊರಟು, ಮೂರು ಕ್ವಿಂಟಾಲಿನ ಪ್ರಾಣಿಯ ಎದೆಯನ್ನು ದಾಟಬೇಕು. ತೊಲಕ್ಕೆ ಹನ್ನೆರಡು ಮಾಷ ಎಂಬ ಹಳೆಯ ಲೆಕ್ಕದಲ್ಲಿ 165 ಗ್ರೇನಿನ ಗುಂಡು ಹನ್ನೊಂದು ಮಾಷ, .270ರ 150 ಗ್ರೇನಿನದು ಹತ್ತು ಮಾಷ. ನಮ್ಮ ಎಲ್ಲ ಜಗಳವೂ ಈ ಎರಡು ಮಾಷಗಳ ಒಳಗೇ ನಡೆಯುತ್ತದೆ. ಆ ಒಂದು ತೊಲ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಗುಂಡಿನಿಂದ ಗುಂಡಿಗೆ ಅಜಗಜಾಂತರ.

ಇದಕ್ಕೊಂದು ಪ್ರಸಿದ್ಧ ಘಟನೆ ಇದೆ. 1946ರಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಮೂಸ್‌ಗೆ ಈಡು ಹೊಡೆದರು. ಅವರ ಕೈಯಲ್ಲಿದ್ದದ್ದು ಸಾಮಾನ್ಯ ಕೋವಿಯಲ್ಲ, .300 ಮ್ಯಾಗ್ನಮ್. ಆದರೂ ಮೈತುಂಬ ಕೆಸರು ಮೆತ್ತಿಕೊಂಡಿದ್ದ ಆ ಪ್ರಾಣಿ ಬೀಳಲಿಲ್ಲ; ಅಷ್ಟು ವೇಗದಲ್ಲಿ ಹೋದ ಗುಂಡುಗಳು ಆಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ಒಡೆದುಹೋಗಿದ್ದವು. ತಪ್ಪು ಕವಚದ್ದಲ್ಲ, ಮದ್ದಿನದೂ ಅಲ್ಲ. ನೋಸ್ಲರ್ ಮನೆಗೆ ಬಂದು ತಾಮ್ರದ ಹೊದಿಕೆಯ ನಡುವೆ ಒಂದು ಅಡ್ಡಗೋಡೆಯನ್ನಿಟ್ಟ ಗುಂಡನ್ನು ತಯಾರಿಸಿದರು. ಗೋಡೆಯ ಮುಂದಿನ ಸೀಸ ಅರಳಿ ಚೆದುರಿದರೂ ಹಿಂದಿನ ಸೀಸ ಹಾಗೇ ಉಳಿದು ಒಳಗೆ ನುಗ್ಗುತ್ತದೆ. 1948ರಲ್ಲಿ ಅದನ್ನೇ ಮಾರಲು ಕಂಪನಿ ಕಟ್ಟಿದರು. ಪಾರ್ಟಿಷನ್ ಎಂಬ ಆ ಗುಂಡು ಇಂದಿಗೂ ಮಾರಾಟದಲ್ಲಿದೆ, ಎಲ್ಕ್ ಶಿಬಿರಗಳಲ್ಲಿ ಇಂದಿಗೂ ಕಾಣುತ್ತದೆ.

ಅಂಗಡಿಯಲ್ಲಿ ನೀವು ಕಾಣುವ ಬೇಟೆಯ ಗುಂಡುಗಳು ಸ್ಥೂಲವಾಗಿ ಮೂರು ಬಗೆ. ತೆಳು ತಾಮ್ರದ ಹೊದಿಕೆಯೊಳಗೆ ಸೀಸವನ್ನು ತುಂಬಿದ್ದು ಹಳೆಯ ಬಗೆ. 1939ರಿಂದ ಇರುವ ರೆಮಿಂಗ್ಟನ್ ಕೋರ್-ಲೋಕ್ಟ್ ಇದಕ್ಕೆ ಮಾದರಿ. ಅಗ್ಗ, ಜಿಂಕೆಗೆ ಅತ್ಯುತ್ತಮ, ಮಧ್ಯಮ ವೇಗದಲ್ಲಿ ಎಲ್ಕ್‌ಗೂ ನಡೆಯುತ್ತದೆ. ಆದರೆ ಮ್ಯಾಗ್ನಮ್ ವೇಗದಲ್ಲಿ ಹತ್ತಿರದಿಂದ ಹೆಗಲ ಮೂಳೆಗೆ ಬಡಿದರೆ ನೋಸ್ಲರ್ ಅವರಿಗಾದ ಗತಿಯೇ ಆಗಬಹುದು. ಎರಡನೆಯದು ಸೀಸವನ್ನೂ ಹೊದಿಕೆಯನ್ನೂ ಬೆಸೆದಿರುವುದು ಅಥವಾ ಪಾರ್ಟಿಷನ್‌ನಂತೆ ತಡೆಗೋಡೆ ಇರುವುದು. ಅರಳುತ್ತದೆ, ಆದರೆ ತೂಕದ ಬಹುಭಾಗವನ್ನು ಬಿಟ್ಟುಕೊಡುವುದಿಲ್ಲ. ಮೂರನೆಯದು ಸೀಸವೇ ಇಲ್ಲದ, ಇಡಿಯಾಗಿ ತಾಮ್ರದಲ್ಲಿ ಮಾಡಿದ್ದು. 1980ರ ದಶಕದ ಕೊನೆಯಲ್ಲಿ ಬಾರ್ನ್ಸ್ ಕಂಪನಿ ಇದನ್ನು ಪ್ರಚಾರಕ್ಕೆ ತಂದಿತು. ತುದಿ ನಾಲ್ಕು ದಳಗಳಾಗಿ ಬಿಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಚೂರಾಗುವುದಿಲ್ಲ, ಬಹಳ ಆಳಕ್ಕೆ ಹೋಗುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ; ಆದ್ದರಿಂದ ತಾಮ್ರ ಕೊಳ್ಳುವಾಗ ತೂಕದಲ್ಲಿ ಒಂದು ಮೆಟ್ಟಿಲು ಇಳಿದು, 180ರ ಬದಲು 165ರ ಆಸುಪಾಸಿನದನ್ನು ಕೊಳ್ಳುವುದು ವಾಡಿಕೆ. ಆಳ ಕಡಿಮೆಯಾಗುವ ಭಯವಿಲ್ಲ, ಏಕೆಂದರೆ ದಾರಿಯಲ್ಲಿ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ.

ಇವಲ್ಲದೆ ಗುರಿ ಸ್ಪರ್ಧೆಗೆಂದು ಮಾಡಿದ ಗುಂಡುಗಳೂ ಅದೇ ಕಪಾಟಿನಲ್ಲಿ, ಹೆಚ್ಚುಕಡಿಮೆ ಅದೇ ಬಣ್ಣದ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಕಾಗದಕ್ಕೆ ಹೊಡೆದಾಗ ಅವು ಚೆಲುವಾಗಿ ಒಂದೇ ತೂತಿನಲ್ಲಿ ಹೋಗುತ್ತವೆ, ಅದನ್ನು ನೋಡಿ ಮರುಳಾಗಬೇಡಿ. ಇಡೀ ಲೋಹದ ಹೊದಿಕೆಯ ಸೈನಿಕರ ಗುಂಡಂತೂ ಅರಳುವುದೇ ಇಲ್ಲ. ಅದನ್ನು ಎಲ್ಕ್ ಬೇಟೆಗೆ ಬಳಸುವುದು ಇಲ್ಲಿ ಕಾನೂನುಬಾಹಿರ. ಮೊದಲ ಎಲ್ಕ್ ಬೇಟೆಗೆ ಬೆಸೆದ ಗುಂಡು ಅಥವಾ ತಾಮ್ರದ ಗುಂಡು, ಇವೆರಡರಲ್ಲಿ ಒಂದನ್ನು ಕೊಳ್ಳಿ ಎಂದು ನಾನು ಹೇಳುತ್ತೇನೆ.

ಈಗ ಕವಚಕ್ಕೆ ಬರಬಹುದು, ಮತ್ತು ಇಲ್ಲಿ ನಾನು ಬೇಗ ಮುಂದೆ ಹೋಗುತ್ತೇನೆ. 1906ರ .30-06, ಇವರ ಬಾಯಲ್ಲಿ ತರ್ಟಿ ಆಟ್ ಸಿಕ್ಸ್, 1925ರ .270 ವಿಂಚೆಸ್ಟರ್, 1952ರ .308 ವಿಂಚೆಸ್ಟರ್, 1962ರ 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್. ಒಳ್ಳೆಯ ಗುಂಡು ಇದ್ದರೆ ಈ ಐದರಲ್ಲಿ ಯಾವುದೂ ಸಾಲದು ಎನ್ನುವಂತಿಲ್ಲ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಈಗಿನ ಯುವಕರಿಗೆ ಅಚ್ಚುಮೆಚ್ಚು. 300 ಗಜದೊಳಗೆ, ಗಟ್ಟಿ ಗುಂಡಿನಲ್ಲಿ, ತಾಳ್ಮೆಯುಳ್ಳವರ ಕೈಯಲ್ಲಿ ಅದೂ ಸಾಕು. ನಿಮ್ಮ ಬಳಿ ಈಗಾಗಲೇ ಇವುಗಳಲ್ಲೊಂದು ಇದ್ದರೆ ಹೊಸ ರೈಫಲ್ಲಿಗೆ ಹಣ ಸುರಿಯಬೇಡಿ, ಆ ಹಣವನ್ನು ತೋಟಾಕ್ಕೆ ಹಾಕಿ ಅಭ್ಯಾಸ ಮಾಡಿ. ಒಂದು ಎಚ್ಚರಿಕೆ ಮಾತ್ರ: ತೋಟಾದ ತಳದಲ್ಲಿ ಕೆತ್ತಿದ ಹೆಸರೂ ನಳಿಗೆಯ ಮೇಲೆ ಕೆತ್ತಿದ ಹೆಸರೂ ಅಕ್ಷರಕ್ಕಕ್ಷರ ಒಂದೇ ಆಗಿರಬೇಕು. .300 ಎಂದು ಶುರುವಾಗುವ ತೋಟಾಗಳೇ ನಾಲ್ಕಾರು ಇವೆ. ಒಂದರ ಬದಲು ಇನ್ನೊಂದನ್ನು ತುಂಬಿದರೆ ಕೋವಿ ಸಿಡಿಯಬಹುದು.

ಮ್ಯಾಗ್ನಮ್ ಬೇಕೇ ಎಂಬ ಪ್ರಶ್ನೆಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ತೊಲದ ಗುಂಡು ತರ್ಟಿ ಆಟ್ ಸಿಕ್ಸ್‌ನಿಂದ ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ, .300 ವಿಂಚೆಸ್ಟರ್ ಮ್ಯಾಗ್ನಮ್‌ನಿಂದ ಸುಮಾರು 2,960 ಅಡಿ ವೇಗದಲ್ಲಿ. ಗಾಳಿಯನ್ನು ಸೀಳುತ್ತ ಹೋಗುವ ಆ ಗುಂಡು ಪ್ರತಿ ನೂರು ಗಜಕ್ಕೆ 180, 190 ಅಡಿಯಷ್ಟು ವೇಗ ಕಳೆದುಕೊಳ್ಳುತ್ತದೆ. ಹಾಗಾದರೆ ಮ್ಯಾಗ್ನಮ್‌ನಿಂದ ಸಿಗುವ ಹೆಚ್ಚುವರಿ ಲಾಭವೆಲ್ಲ, ಸಾಮಾನ್ಯ ಕೋವಿ ಹಿಡಿದು ಪ್ರಾಣಿಯತ್ತ ನೂರು ಚಿಲ್ಲರೆ ಗಜ ಹತ್ತಿರ ಹೋದರೆ ಸಿಗುವಷ್ಟೇ. ಅದಕ್ಕೆ ಕೊಡುವ ಬೆಲೆ ಹೆಗಲಿನ ಮೇಲೆ ಬೀಳುವ ಒದೆತ. ಒಂದೇ ತೂಕದ ರೈಫಲ್ಲಿನಲ್ಲಿ ಮ್ಯಾಗ್ನಮ್‌ನ ಒದೆತ ಕಾಲು ಭಾಗಕ್ಕೂ ಹೆಚ್ಚು.

ಆ ಬೆಲೆಯನ್ನು ನಾನೇ ತೆತ್ತಿದ್ದೇನೆ. ನನ್ನ ಮೊದಲ ರೈಫಲ್ ಮ್ಯಾಗ್ನಮ್ಮೇ ಆಗಿತ್ತು. ಗುರಿ ಅಭ್ಯಾಸದ ಮೈದಾನದಲ್ಲಿ ಮೊದಲ ಮೂರು ಗುಂಡು ನಾಣ್ಯದಷ್ಟು ಜಾಗದಲ್ಲಿ ಬಿದ್ದವು, ಹತ್ತನೆಯದರ ಹೊತ್ತಿಗೆ ಗುರಿಪಟದ ಮೂಲೆಮೂಲೆಗೆ ಚೆಲ್ಲಾಡಿದವು. ದುರ್ಬೀನು ಸಡಿಲವಾಗಿದೆ ಎಂದು ನಾನು ಸ್ಕ್ರೂ ಬಿಗಿಯುತ್ತ ಕೂತಿದ್ದೆ. ಪಕ್ಕದ ಮೇಜಿನಲ್ಲಿದ್ದ ಒಬ್ಬ ಹಿರಿಯರು, ಮಾತಾಡದೆ, ನನ್ನ ಕೋವಿಯನ್ನು ತೆಗೆದುಕೊಂಡು ನನಗೆ ಬೆನ್ನು ತಿರುಗಿಸಿ ತುಂಬಿ ಕೊಟ್ಟರು. ಉಸಿರು ಹಿಡಿದು ಕೋವಿಯ ಕುದುರೆ (ಟ್ರಿಗರ್) ಎಳೆದೆ. ಟಿಕ್ ಎಂಬ ಶಬ್ದ ಮಾತ್ರ ಬಂತು, ಒಳಗೆ ಇದ್ದದ್ದು ಮದ್ದಿಲ್ಲದ ಸುಳ್ಳು ತೋಟಾ. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಬಾಗಿತ್ತು, ನನ್ನ ಎರಡೂ ಕಣ್ಣು ಮುಚ್ಚಿದ್ದವು. ಒದೆತಕ್ಕೆ ಮೈ ಮೊದಲೇ ಹೆದರಿ ಕೂತಿತ್ತು. ಆ ಕೋವಿಯನ್ನು ಮಾರಿ ತರ್ಟಿ ಆಟ್ ಸಿಕ್ಸ್ ಕೊಂಡದ್ದು ಅದಾದ ತಿಂಗಳೊಳಗೆ. ಈ ಪರೀಕ್ಷೆಯನ್ನು ತಾವೆಲ್ಲರೂ ಒಬ್ಬ ಗೆಳೆಯರ ಸಹಾಯದಿಂದ ಮಾಡಿಕೊಳ್ಳಬೇಕು. ಐದು ತೋಟಾಗಳಲ್ಲಿ ಒಂದೋ ಎರಡೋ ಸುಳ್ಳು ಇರಲಿ, ಯಾವುದು ಎಂಬುದು ತಮಗೆ ಗೊತ್ತಿರಬಾರದು.

ದೂರದ ವಿಚಾರ. ಕಂಪನಿಗಳ ಜಾಹೀರಾತಿನಲ್ಲಿ 600, 700 ಗಜದ ಈಡುಗಳು ಕಾಣುತ್ತವೆ. ಅರಳುವ ಗುಂಡು ಅರಳಬೇಕಾದರೆ ಬಡಿಯುವ ಕ್ಷಣದಲ್ಲಿ ಒಂದಿಷ್ಟು ವೇಗ ಉಳಿದಿರಬೇಕು. ಸೀಸದ ಗುಂಡುಗಳಿಗೆ ಸೆಕೆಂಡಿಗೆ 1,800 ಅಡಿಯ ಸುತ್ತ, ತಾಮ್ರದವಕ್ಕೆ 2,000ದ ಸುತ್ತ ಎಂದು ಇಟ್ಟುಕೊಳ್ಳಿ, ನಿಖರ ಅಂಕಿಯನ್ನು ತಯಾರಕರೇ ಹೇಳುತ್ತಾರೆ. ತರ್ಟಿ ಆಟ್ ಸಿಕ್ಸ್‌ನ ಒಂದು ತೊಲ 400 ಗಜದ ಹೊತ್ತಿಗೆ 2,000ಕ್ಕೆ ಬಂದಿರುತ್ತದೆ. 200 ಗಜಕ್ಕೆ ಗುರಿ ಹೊಂದಿಸಿದ ಕೋವಿಯಲ್ಲಿ ಆ ಗುಂಡು 300 ಗಜದಲ್ಲಿ ಸುಮಾರು 8 ಇಂಚು, 400ರಲ್ಲಿ ಸುಮಾರು ಎರಡಡಿ ಕೆಳಗೆ ಬೀಳುತ್ತದೆ. ಎರಡಡಿ ಎಂದರೆ ಎದೆಯ ಬದಲು ಕಾಲು. ಮೊದಲ ವರ್ಷ 250 ಗಜ ದಾಟಬೇಡಿ ಎನ್ನುವುದು ನನ್ನ ಸಲಹೆ. ಅದೂ ಮೇಜಿನ ಮೇಲೆ ಮರಳುಚೀಲವಿಟ್ಟು ಹೊಡೆದ ಲೆಕ್ಕದಿಂದಲ್ಲ. ಕೂತು, ಮಂಡಿಯೂರಿ, ಕೋಲಿಗೆ ಒರಗಿಸಿ ಹೊಡೆದಾಗ ಹತ್ತಕ್ಕೆ ಒಂಬತ್ತು ಊಟದ ತಟ್ಟೆಯಗಲದಲ್ಲಿ ಬೀಳುವ ದೂರ ಯಾವುದೋ ಅದೇ ತಮ್ಮ ದೂರ.

ಕೊಳ್ಳುವಾಗ ಇಪ್ಪತ್ತರ ಒಂದು ಪೆಟ್ಟಿಗೆ ಸಾಲದು. ಬೇರೆ ಬೇರೆ ಗುಂಡುಗಳ ಎರಡು ಮೂರು ಪೆಟ್ಟಿಗೆಗಳನ್ನು ಮೊದಲು ತಂದು, ನಿಮ್ಮ ನಳಿಗೆ ಯಾವುದನ್ನು ಒಪ್ಪುತ್ತದೆ ಎಂದು ನೋಡಿ. ಒಂದೇ ಕಾರ್ಖಾನೆಯಿಂದ ಬಂದ ಜೋಡಿ ರೈಫಲ್ಲುಗಳೂ ಇದರಲ್ಲಿ ಒಂದೇ ಮನಸ್ಸಿನವಲ್ಲ. ಒಪ್ಪಿದ್ದು ಗೊತ್ತಾದ ಮೇಲೆ ಅದೇ ಲಾಟ್ ಸಂಖ್ಯೆಯ, ಅಂದರೆ ಒಂದೇ ಸಲಕ್ಕೆ ತಯಾರಾದ, ನಾಲ್ಕು ಪೆಟ್ಟಿಗೆಗಳನ್ನು ಒಟ್ಟಿಗೇ ಕೊಂಡುಬಿಡಿ. ಅಕ್ಟೋಬರ್ ಹತ್ತಿರವಾದಂತೆ ಕಪಾಟುಗಳು ಬರಿದಾಗುತ್ತವೆ. ನನ್ನ ಎರಡನೆಯ ವರ್ಷ ಹೀಗೆಯೇ ಆಯಿತು. ನನ್ನ ಪೆಟ್ಟಿಗೆ ಸಿಗಲಿಲ್ಲ, ಅಂಗಡಿಯವರು ಅದೇ ಕಂಪನಿಯ ಅದೇ 180 ಗ್ರೇನಿನ ಇನ್ನೊಂದು ಗುಂಡನ್ನು ಕೊಟ್ಟು ಎಲ್ಲ ಒಂದೇ ಎಂದರು, ನಾನೂ ನಂಬಿದೆ. ಮೂರನೆಯ ಬೆಳಿಗ್ಗೆ 220 ಗಜದಲ್ಲಿ ಹೆಣ್ಣು ಎಲ್ಕ್ ಒಂದು ಅಡ್ಡಲಾಗಿ ನಿಂತಿತ್ತು. ಗುಂಡು ಅದರ ಹೊಟ್ಟೆಯ ಕೆಳಗಿನ ಹುಲ್ಲಿಗೆ ಬಡಿಯಿತು. ಶಿಬಿರಕ್ಕೆ ಬಂದು ಕಾಗದಕ್ಕೆ ಹೊಡೆದು ನೋಡಿದರೆ 100 ಗಜದಲ್ಲೇ ನಾಲ್ಕು ಇಂಚು ಕೆಳಗೆ. ಪೂರ್ತಿ ತಪ್ಪಿತಲ್ಲ ಎಂಬುದೇ ಸಮಾಧಾನ. ಒಂದು ಅಂಗುಲ ಮೇಲೆ ತಾಗಿದ್ದರೆ ಗಾಯಗೊಂಡ ಪ್ರಾಣಿಯನ್ನು ಹುಡುಕುತ್ತ ಆ ದಿನವೆಲ್ಲ ಅಲೆಯುತ್ತಿದ್ದೆ, ಬಹುಶಃ ಸಿಗುತ್ತಲೂ ಇರಲಿಲ್ಲ.

ಸೀಸವೋ ತಾಮ್ರವೋ ಎಂಬುದಕ್ಕೆ ಇನ್ನೊಂದು ಮುಖವಿದೆ, ಅದು ಅಡುಗೆಮನೆಯದು. ಒಂದು ಎಲ್ಕ್‌ನಿಂದ ಒಂದು ಕುಟುಂಬಕ್ಕೆ ವರ್ಷಪೂರ್ತಿ ಸಾಲುವಷ್ಟು ಮಾಂಸ ಸಿಗುತ್ತದೆ. ಸೀಸದ ಗುಂಡು ಅರಳುವಾಗ ಉದುರುವ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವಿರುತ್ತವೆ, ಗಾಯದಿಂದ ಹಲವು ಇಂಚು ದೂರದವರೆಗೆ ಹರಡಿರುತ್ತವೆ. ಎಕ್ಸ್-ರೇ ತೆಗೆದರೆ ಬಿಳಿ ಚುಕ್ಕೆಗಳಾಗಿ ತೋರುತ್ತವೆ. ಕಾಡಿನಲ್ಲಿ ಬಿಟ್ಟುಬಂದ ಕರುಳಿನ ರಾಶಿಯನ್ನು ತಿಂದ ಹದ್ದುಗಳಿಗೂ, ಅಳಿವಿನಂಚಿನಲ್ಲಿರುವ ಕಾಂಡೋರ್ ಪಕ್ಷಿಗಳಿಗೂ ಆ ವಿಷ ಏರುತ್ತದೆ. ಕ್ಯಾಲಿಫೋರ್ನಿಯ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಿದೆ. ಕೊಲೊರಾಡೊದಲ್ಲಿ ಎಲ್ಕ್‌ಗೆ ಆ ನಿಷೇಧವಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು ಇರುವುದರಿಂದ ನಾನು ತಾಮ್ರಕ್ಕೆ ಬದಲಾಯಿಸಿದೆ. ಪೆಟ್ಟಿಗೆಗೆ ಕೆಲವು ಡಾಲರ್ ಹೆಚ್ಚು, ಅಷ್ಟೆ. ಸೀಸವನ್ನೇ ಬಳಸುವವರು ಗಾಯದ ಸುತ್ತಲಿನ ಮಾಂಸವನ್ನು ಜಿಪುಣತನವಿಲ್ಲದೆ ಕೊಯ್ದು ಎಸೆಯಿರಿ, ಅದನ್ನು ಖೀಮಾಕ್ಕೆ ಹಾಕುವ ಆಸೆ ಬೇಡ.

ಕಾಡಿಗೆ ಹೋದ ಮೇಲಿನ ಒಂದೆರಡು ಮಾತು. ಒಂಬತ್ತು ಹತ್ತು ಸಾವಿರ ಅಡಿ ಎತ್ತರದ ಅಕ್ಟೋಬರ್ ರಾತ್ರಿಯಲ್ಲಿ ಕೋವಿಯನ್ನು ಬೆಚ್ಚಗಿನ ಗುಡಾರದೊಳಗೆ ತಂದರೆ ಅದರ ಮೈಯೆಲ್ಲ ಬೆವರುತ್ತದೆ, ಬೆಳಿಗ್ಗೆ ಹೊರಗೆ ಒಯ್ದಾಗ ಆ ಬೆವರು ಮಂಜುಗಡ್ಡೆಯಾಗಿ ಕೋವಿಯ ಚಲಿಸುವ ಭಾಗಗಳು ಕಚ್ಚಿಕೊಳ್ಳುತ್ತವೆ. ಆದ್ದರಿಂದ ಖಾಲಿ ಮಾಡಿದ ಕೋವಿಯನ್ನು ತಣ್ಣಗಿರುವಲ್ಲೇ ಭದ್ರವಾಗಿ ಬೀಗ ಹಾಕಿ ಇಡಿ. ನಳಿಗೆಯ ಬಾಯಿಗೆ ಒಂದು ತುಂಡು ಟೇಪು ಅಂಟಿಸಿ, ಹಿಮ ಒಳಗೆ ಹೋಗುವುದಿಲ್ಲ. ಅದರ ಮೂಲಕವೇ ಗುಂಡು ಹೊಡೆಯಬಹುದು, ಗುರಿ ತಪ್ಪದು. ಮೈಮೇಲೆ ಹತ್ತು ತೋಟಾ ಸಾಕು, ಎಲ್ಲವೂ ಒಂದೇ ಜೇಬಿನಲ್ಲಿ, ಎಣಿಸಿ.

ಎಣಿಸಿ ಎಂದು ಒತ್ತಿ ಹೇಳುವುದಕ್ಕೆ ನಮ್ಮವರಿಗೆ ಮಾತ್ರ ಅನ್ವಯಿಸುವ ಕಾರಣವೊಂದಿದೆ. ನವೆಂಬರಿನಲ್ಲಿ ಬೇಟೆ ಮುಗಿಯುತ್ತದೆ, ಡಿಸೆಂಬರಿನಲ್ಲಿ ನಾವು ಅದೇ ಬೆನ್ನುಚೀಲ ಹೊತ್ತು ಬೆಂಗಳೂರಿಗೆ ಹೊರಡುತ್ತೇವೆ. ಭಾರತದಲ್ಲಿ ಪರವಾನಗಿಯಿಲ್ಲದೆ ಒಂದೇ ಒಂದು ಜೀವಂತ ತೋಟಾ ಇಟ್ಟುಕೊಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ; ಚೀಲದ ಮೂಲೆಯಲ್ಲಿ ಮರೆತುಹೋದ ಒಂದು ತೋಟಾದಿಂದ ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದವರಿದ್ದಾರೆ. ಗೊತ್ತಿಲ್ಲದೆ ಉಳಿದಿತ್ತು ಎಂದು ನ್ಯಾಯಾಲಯಗಳು ಮೊಕದ್ದಮೆ ಕೈಬಿಟ್ಟದ್ದೂ ಉಂಟು, ಆದರೆ ಅದು ತಿಂಗಳುಗಳ ಓಡಾಟದ ನಂತರ. ಹೋದ ವರ್ಷ ನಾನು ಹೊರಡುವ ಮುನ್ನಾದಿನ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಾಗ ಪೈನ್ ಮರದ ಸೂಜಿಗಳು, ಒಣಗಿದ ಕಿತ್ತಳೆ ಸಿಪ್ಪೆ, ಒಂದು ಕೈಗವಸು ಬಿದ್ದವು. ಮತ್ತೆ ಒಮ್ಮೆ ಕೊಡವಿದೆ. ಒಳಪದರದ ಹರಿದ ಹೊಲಿಗೆಯಿಂದ ಹಿತ್ತಾಳೆಯ ತೋಟಾ ಒಂದು ನೆಲದ ಮೇಲೆ ಉರುಳಿ, ಮಂಚದ ಕಾಲಿಗೆ ತಾಗಿ ನಿಂತಿತು. ಈ ಮೇಜಿನ ಮೇಲಿರುವುದು ಅದೇ.